ಇನ್ನೂರಾ ಇಪ್ಪತ್ತೊಂಬತ್ತನೆಯ ಹೊಲ

ಮುರಗೋಡದ ಸಂಗಪ್ಪ ಮಾಸ್ತರರಿಗೆ ನಿವೃತ್ತಿಯಾದ ಮೇಲೆ ಒಂದು ಹುಚ್ಚು ಹಿಡಿಯಿತು. ಊರಿನ ಹೊಲಗಳ ಹೆಸರನ್ನೆಲ್ಲ ಬರೆದಿಡುವ ಹುಚ್ಚು. ಸರ್ವೆ ನಂಬರು ಕೇಳಿದರೆ ಕಚೇರಿಯವರು ಕೊಡುತ್ತಾರೆ. ಆದರೆ ಬಾಳಂತಿ ದಿನ್ನಿ, ಜಗಳದ ಪಟ್ಟಿ, ಅಜ್ಜಿ ಉಂಡ ಹೊಲ ಎಂಬ ಹೆಸರುಗಳು ಯಾವ ಕಚೇರಿಯಲ್ಲಿಯೂ ಇಲ್ಲ. ಅವು ಇರುವುದು ಮುದುಕರ ಬಾಯಲ್ಲಿ, ಮುದುಕರೋ ಒಬ್ಬೊಬ್ಬರಾಗಿ ಹೊರಟು ನಿಂತವರು. ಹಾಗಾಗಿ ಮಾಸ್ತರರು ನಾಲ್ಕು ವರ್ಷ ಸ್ಕೂಟರಿನ ಮೇಲೆ ಬದುವು ಬದುವು ಸುತ್ತಿ, ಕಟ್ಟೆ ಕಟ್ಟೆಯ ಮೇಲೆ ಕೂತು ಚಹಾ ಕುಡಿದು, ಮುನ್ನೂರಾ ಹನ್ನೆರಡು ಹೆಸರು ಕೂಡಿಸಿದರು.

ಪುಸ್ತಕಕ್ಕೆ ಅವರು ಒಂದೇ ನಿಯಮ ಇಟ್ಟುಕೊಂಡಿದ್ದರು. ಅದನ್ನು ಮುನ್ನುಡಿಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಸಿದ್ದರು: ‘ಹಳೆಯ ಹೆಸರು ಇರುವಲ್ಲಿ ಹೊಸ ಹೆಸರು ಸಲ್ಲದು.’ ಈ ಒಂದು ಸಾಲಿನಿಂದ ಅರ್ಧ ಊರಿನ ಸಿಟ್ಟು ಕಟ್ಟಿಕೊಂಡದ್ದೂ ಆಯಿತು. ಮಾಸ್ತರರದೇ ಓಣಿಯ ರಾಯಪ್ಪ, ತನ್ನ ಹೊಲಕ್ಕೆ ತೀರಿಹೋದ ಅಪ್ಪನ ಹೆಸರು ಹಾಕಿರೆಂದು ಎಂಟು ಸಲ ಮನೆಗೆ ಬಂದಿದ್ದ. ಮಾಸ್ತರರು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಆ ಹೊಲ ಮೊದಲಿನಿಂದಲೂ ‘ಕತ್ತಿ ಸತ್ತ ಹೊಲ’. ಪುಸ್ತಕದಲ್ಲಿಯೂ ಕತ್ತೆಯೇ ಸತ್ತಿತು.

ಅಚ್ಚಿನ ಕೆಲಸ ಬೈಲಹೊಂಗಲದ ಬಾಳೇಶನ ಪ್ರೆಸ್ಸಿಗೆ ಹೋಯಿತು. ಅಲ್ಲಿ ಟೈಪು ಮಾಡುವವಳು ರೇಣು, ಮಾಸ್ತರರ ಹಳೆಯ ವಿದ್ಯಾರ್ಥಿನಿ. ಶುಕ್ರವಾರ ಮಠದಲ್ಲಿ ಪುಸ್ತಕ ಬಿಡುಗಡೆ. ಬುಧವಾರ ಸಂಜೆ ನಾಲ್ಕಕ್ಕೆ ಬಾಳೇಶ ಫೈಲನ್ನು ಮಷಿನ್ನಿಗೆ ಹತ್ತಿಸುವವನು. ಅಲ್ಲಿಯವರೆಗೆ ಎಲ್ಲವೂ ಸುಸೂತ್ರವಾಗಿ ನಡೆದಿತ್ತು.

ಮಂಗಳವಾರ ಸಂಜೆ ಮಾಸ್ತರರ ಅತ್ತೆ ಗುರವ್ವ ಹೂಲಿಯಿಂದ ಬಂದಿಳಿದಳು. ಎಂಬತ್ನಾಲ್ಕರ ಮುದುಕಿ, ಹುಟ್ಟಿದ್ದು ಮುರಗೋಡದಲ್ಲಿ, ಕೊಟ್ಟದ್ದು ಹೂಲಿಗೆ. ತನ್ನ ಮಗಳು ನಾಗರತ್ನಾಳನ್ನು ಮತ್ತೆ ಮುರಗೋಡಕ್ಕೇ, ಮಾಸ್ತರರಿಗೆ ಕೊಟ್ಟು, ತವರಿನ ದಾರಿಯಲ್ಲಿ ಹುಲ್ಲು ಬೆಳೆಯದಂತೆ ನೋಡಿಕೊಂಡವಳು. ಅವಳಿಗೆ ಓದಲು ಬಾರದು. ಊಟವಾದ ಮೇಲೆ ಮಗಳನ್ನು ಕೂರಿಸಿಕೊಂಡು ಪುಸ್ತಕದ ಕರಡು ಪ್ರತಿಯನ್ನು ಓದಿಸಿದಳು. ಒಂದೊಂದು ಹೆಸರು ಬಂದಾಗಲೂ ಮುದುಕಿಯ ಮುಖ ಅರಳುತ್ತಿತ್ತು. “ಹೌದೌದು, ಅಲ್ಲೇ ನಾವು ಬಾರಿಹಣ್ಣ ಆರಸ್ತಿದ್ವಿ,” “ಅಯ್ಯ, ಅಲ್ಲೇ ನಮ್ಮಪ್ಪ ನನಗ ಬಡದಿದ್ದ,” ಎಂದು ಪ್ರತಿಯೊಂದಕ್ಕೂ ಒಂದು ಬಾಲ ಸೇರಿಸುತ್ತಿದ್ದಳು. ಮಾಸ್ತರರು ಬಾಗಿಲಲ್ಲಿ ನಿಂತು ಕೇಳಿ ಕೇಳಿ ಉಬ್ಬಿದರು.

ಇನ್ನೂರಾ ಇಪ್ಪತ್ತೊಂಬತ್ತನೆಯದು ಬಂತು. “ಮಾಸ್ತರ ಹೊಲ,” ಎಂದು ಓದಿದಳು ನಾಗರತ್ನಾ.

“ಇದ್ಯಾವುದು?” ಎಂದಳು ಗುರವ್ವ.

“ನಮ್ಮದ ಅಲ್ಲವಾ, ಹಳ್ಳದ ಆಚೇದು.”

ಮುದುಕಿ ಸೆರಗಿನ ಚುಂಗು ಸರಿಮಾಡಿಕೊಂಡು, “ಸಾಕ್ ಬಿಡು ಇವತ್ತಿಗೆ. ಕಿವಿ ದಣದಾವು,” ಎಂದು ಎದ್ದು ಮಲಗಲು ಹೋದಳು. ಇನ್ನೂ ಎಂಬತ್ತಮೂರು ಹೊಲ ಉಳಿದಿದ್ದವು. ಮಾಸ್ತರರಿಗೆ ಸ್ವಲ್ಪ ನಿರಾಸೆಯಾಯಿತು, ವಯಸ್ಸಾಯಿತಲ್ಲ ಎಂದುಕೊಂಡರು, ಅಷ್ಟೇ.

ಬುಧವಾರ ಬೆಳಿಗ್ಗೆ ರಾಯಪ್ಪ ಒಂಬತ್ತನೆಯ ಸಲ ಬಂದ. ಈ ಸಲ ಬೇಡಿಕೊಳ್ಳಲು ಬಂದವನಲ್ಲ. ಪ್ರೆಸ್ಸಿನಲ್ಲಿ ಪುಸ್ತಕದ ಕರಡು ನೋಡಿಕೊಂಡು ಬಂದಿದ್ದ, ಮುಖದಲ್ಲಿ ಗೆಲುವಿತ್ತು.

“ಮಾಸ್ತರ, ಒಂದ್ ಮಾತ ಕೇಳತೇನಿ, ಸಿಟ್ಟಾಗಬ್ಯಾಡ್ರಿ. ನಮ್ಮಪ್ಪನ ಹೆಸರ ಹೊಸಾದು, ನಡೆಯೂದಿಲ್ಲ ಅಂದ್ರಿ. ಒಪ್ಪಿದೆ. ‘ಮಾಸ್ತರ ಹೊಲ’ ಅನ್ನೂದು ಹಳೇದೇನ್ರಿ? ನೀವು ಮಾಸ್ತರ ಆಗಿದ್ದ ಯಾವಾಗ?”

“ಎಂಬತ್ತೆಂಟರಾಗ...”

“ಅದಕ್ಕೂ ಮೊದಲ ಆ ಹೊಲಕ್ಕ ಹೆಸರ ಇದ್ದಿಲ್ಲೇನು? ಏನ್ ಅಂತಿದ್ರು?”

“ಏನ್ ಅಂತಿದ್ರು?” ಎಂದು ಮಾಸ್ತರರೇ ತಿರುಗಿ ಕೇಳಿದರು.

“ನನಗೇನ ಗೊತ್ರೀ? ಬರದಾವ್ರು ನೀವು!” ಎಂದು ರಾಯಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಮಾಸ್ತರರು ಕಟ್ಟೆಯ ಮೇಲೆ ಕೂತೇ ಬಿಟ್ಟರು. ಒಳಗೆ ಗುರವ್ವ ಮೊರದಲ್ಲಿ ತೊಗರಿಬೇಳೆ ಹಸನು ಮಾಡುವ ಸದ್ದು ಬರುತ್ತಿತ್ತು. ಆ ಸದ್ದಿನಲ್ಲಿ ಅವರಿಗೆ ಮೂವತ್ತನಾಲ್ಕು ವರ್ಷದ ಹಿಂದಿನ ನಿಶ್ಚಯದ ದಿನ ನೆನಪಾಯಿತು. ಹಿರಿಯರೊಬ್ಬರು ಎಲೆ ಅಡಿಕೆ ಹಿಡಿದು ಹೇಳಿದ್ದರು: ‘ಗುರವ್ವನ ಅರಿಷಿಣ ಹೊಲ ಮಗಳಿಗೆ ಹೋಗತೈತಿ.’ ಮದುವೆಯಾಗಿ ಹೋಗುವ ಮಗಳಿಗೆ ತವರಿನವರು ಅರಿಶಿನ ಕುಂಕುಮಕ್ಕೆಂದು ಒಂದು ತುಂಡು ಹೊಲ ಕೊಡುವುದು ಈ ಕಡೆಯ ಪದ್ಧತಿ. ಗುರವ್ವನಿಗೆ ಅವಳ ಅಪ್ಪ ಕೊಟ್ಟದ್ದು, ಗುರವ್ವ ತನ್ನ ಮಗಳಿಗೆ ಕೊಟ್ಟದ್ದು. ಮಾಸ್ತರರು ಅದರಲ್ಲಿ ಬಿತ್ತಿಸಿದರು, ರಾಶಿ ಮಾಡಿಸಿದರು. ಜನ ಮಾಸ್ತರ ಹೊಲ ಎಂದರು. ಕೇಳಲು ಇಂಪಾಗಿತ್ತು, ಅವರೂ ಹಾಗೆಯೇ ಅಂದರು. ಊರವರ ಮುನ್ನೂರಾ ಹನ್ನೊಂದು ಹೊಲಗಳ ಹಳೆಯ ಹೆಸರು ಹೆಕ್ಕಿ ತೆಗೆದವರು ಮನೆಯಲ್ಲಿ ಉಣ್ಣುವ ಹೊಲದ ಹೆಸರನ್ನು ನುಂಗಿ ಕೂತಿದ್ದರು. ಅವರಿಗೆ ನಾಚಿಕೆಯಾಯಿತು, ಬಹಳವೇ ನಾಚಿಕೆಯಾಯಿತು.

ಆಗ ಗಂಟೆ ಹತ್ತು. ನಾಲ್ಕರೊಳಗೆ ತಿದ್ದಬೇಕು.

ಬಾಳೇಶನಿಗೆ ಫೋನು ಮಾಡಿದರು. “ಮಾಸ್ತರ, ನಮ್ಮ ಬೋರ್ಡ ನೋಡಿರಿ ಹೌದಲ್ಲೋ?” ಎಂದ ಅವನು. ಪ್ರೆಸ್ಸಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ‘ಬಾಯಿಮಾತಿನ ತಿದ್ದುಪಡಿ ತೆಗೆದುಕೊಳ್ಳುವುದಿಲ್ಲ’ ಎಂದು ಬರೆಸಿದ್ದ. ಹಿಂದೊಮ್ಮೆ ಫೋನಿನಲ್ಲಿ ಹೇಳಿದ್ದನ್ನು ಕೇಳಿ ತಿದ್ದಿ, ಲಗ್ನಪತ್ರಿಕೆಯಲ್ಲಿ ಮದುಮಗಳ ಜಾಗಕ್ಕೆ ಅವಳ ಸೋದರತ್ತೆಯನ್ನು ಕೂರಿಸಿ, ಎರಡೂ ಕಡೆಯವರಿಂದ ಬೈಸಿಕೊಂಡ ಮೇಲೆ ಹಾಕಿಸಿದ ಬೋರ್ಡದು. “ನೀವ ತಿದ್ದಿ ಫೈಲ್ ಕಳಸ್ರಿ. ಅ ಆ ಇ ಅಕ್ಷರದ ಸಾಲಿನ್ಯಾಗ ಹೊಲ ಜಾಗಾ ಬದಲಿ ಆದ್ರ ನಡುವಿನ ನಂಬರೆಲ್ಲಾ ಸರೀಬೇಕು. ಅದು ರೇಣುಗ ಅಷ್ಟ ಗೊತ್ತು, ಆಕಿ ರಾಮದುರ್ಗಕ್ಕ ಮದುವಿಗೆ ಹೋಗ್ಯಾಳ.”

ಫೈಲೇನೋ ರೇಣು ಸೋಮವಾರವೇ ಮೇಲ್ ಮಾಡಿದ್ದಳು. ಮಾಸ್ತರರು ಲ್ಯಾಪ್‌ಟಾಪ್ ತೆರೆದು ಅದನ್ನು ಇಳಿಸಿಕೊಂಡರು. ತೆರೆಯಿತು. ಇನ್ನೂರಾ ಇಪ್ಪತ್ತೊಂಬತ್ತಕ್ಕೆ ಹೋಗಿ ಅಳಿಸಲು ನೋಡಿದರು. ಅಳಿಯಲಿಲ್ಲ. ಪರದೆಯ ಮೇಲ್ಗಡೆ ಹಳದಿ ಪಟ್ಟಿಯೊಂದು ಮೂಡಿ, ಈ ಫೈಲು ಹೊರಗಿನಿಂದ ಬಂದದ್ದು, ಅಪಾಯವಿರಬಹುದು, ಓದಿ, ಮುಟ್ಟಬೇಡಿ ಎಂದು ಇಂಗ್ಲಿಷಿನಲ್ಲಿ ಹೇಳಿತು. ತಿದ್ದಲು ಬಿಡು ಎಂಬ ಗುಂಡಿ ಒತ್ತಿದರು. ಭದ್ರತೆಯ ಸೆಟ್ಟಿಂಗ್ ಇದಕ್ಕೆ ಒಪ್ಪುವುದಿಲ್ಲ ಎಂದು ಇನ್ನೊಂದು ಸಂದೇಶ ಬಂತು.

ಈ ಬೇಲಿ ಹಾಕಿದವಳು ಮಗಳು ರಾಜೇಶ್ವರಿ, ಸವದತ್ತಿಯ ಕಾಲೇಜಿನಲ್ಲಿ ಪಾಠ ಹೇಳುವವಳು. ಹಾಕಲು ಕಾರಣರಾದವರು ಸ್ವತಃ ಮಾಸ್ತರರು. ಆರು ತಿಂಗಳ ಹಿಂದೆ ಗುರುತಿಲ್ಲದವರಿಂದ ಒಂದು ಲಗ್ನಪತ್ರಿಕೆಯ ಫೈಲು ಬಂದಿತ್ತು. ಬೇರೆ ಊರಿನವರಾದರೆ ಯಾರದೋ ಏನೋ ಎಂದು ಬಿಡುತ್ತಿದ್ದರು. ನಮ್ಮ ಕಡೆ ಲಗ್ನಪತ್ರಿಕೆ ಬಂದರೆ ತೆರೆಯದೆ ಇಡುವುದುಂಟೇ? ಬೀಗರ ಪೈಕಿ ಯಾರಾದರೂ ಆಗಿದ್ದರೆ ಜನ್ಮದ ಮುನಿಸು. ಮಾಸ್ತರರು ಕನ್ನಡಕ ಹಾಕಿಕೊಂಡು ಭಕ್ತಿಯಿಂದ ತೆರೆದರು. ಮದುಮಗಳೂ ಇಲ್ಲ, ಮದುಮಗನೂ ಇಲ್ಲ, ಲ್ಯಾಪ್‌ಟಾಪು ಎಂಟು ದಿನ ಮಲಗಿಬಿಟ್ಟಿತು. ರಾಜೇಶ್ವರಿ ಅದನ್ನು ಎಬ್ಬಿಸಿ, “ಅಪ್ಪಾ, ಇನ್ನ ಹೊರಗಿಂದ ಏನ್ ಬಂದ್ರೂ ನೀವು ಬರೇ ಓದಬಹುದು ನೋಡ್ರಿ,” ಎಂದು ಎಲ್ಲ ಬಾಗಿಲಿಗೂ ಅಗುಳಿ ಹಾಕಿ ಹೋಗಿದ್ದಳು. ಇವತ್ತು ಅವಳಿಗೆ ಪರೀಕ್ಷೆಯ ಕೆಲಸ. ಸಂಜೆಯವರೆಗೆ ಫೋನು ಬಂದ್.

ಮಾಸ್ತರರು ರಾಮದುರ್ಗಕ್ಕೆ ಫೋನು ಹಚ್ಚಿದರು. ಹಿಂದೆ ಬಾಜಾಬಜಂತ್ರಿ, ಮುಂದೆ ರೇಣುವಿನ ಕೂಗು: “ಸರ್, ವಾಟ್ಸಾಪಿಗೆ ಹಾಕಿ ಇಳಿಸಿಕೊಂಡ ನೋಡ್ರಿ! ಅಕ್ಕಿಕಾಳ ಬೀಳೂ ಹೊತ್ತಾತು, ಆಮ್ಯಾಲ ಮಾಡತೇನಿ!”

ವಾಟ್ಸಾಪಿಗೆ ಹಾಕಿ ಇಳಿಸಿದರು. ಹಳದಿ ಪಟ್ಟಿ. ತಮಗೆ ತಾವೇ ಮೇಲ್ ಮಾಡಿಕೊಂಡು ಇಳಿಸಿದರು. ಹಳದಿ ಪಟ್ಟಿ. ಹೆಸರು ಬದಲಿಸಿ ನೋಡಿದರು. ಪರದೆಯ ಮೇಲೆ ‘ಹೊಲ ಕೊನೆಯದು’, ‘ಹೊಲ ಕೊನೆಯದು ಎರಡು’, ‘ಹೊಲ ಖರೇನ ಕೊನೆಯದು’ ಎಂದು ಮೂರು ಫೈಲು ಸಾಲಾಗಿ ಕೂತವು, ಮೂರಕ್ಕೂ ಹಳದಿ ಪಟ್ಟಿ. ಯಂತ್ರವನ್ನು ಆರಿಸಿ ಹಚ್ಚಿದ್ದೂ ಆಯಿತು. ಗಂಟೆ ಒಂದು ಹೊಡೆಯಿತು. ಮಾಸ್ತರರು ತಲೆಗೆ ಕೈ ಹಚ್ಚಿಕೊಂಡರು.

“ಏನಾತ್ರಿ ಅಳಿಯಂದ್ರ? ಉಣ್ಣಾಕೂ ಏಳವಲ್ರಿ,” ಎಂದಳು ಗುರವ್ವ ಒಳಗಿನಿಂದ ಬಂದು.

ಯಾವ ಹೊಲ ಎಂಬುದನ್ನು ಬಿಟ್ಟು ಉಳಿದದ್ದನ್ನೆಲ್ಲ ಮಾಸ್ತರರು ಹೇಳಿಕೊಂಡರು. ಫೈಲು ನಮ್ಮದೇ, ಬರೆದವನು ನಾನೇ, ಆದರೂ ಹೊರಗಿನದು ಅನ್ನುತ್ತದೆ, ಎರಡೆರಡು ಸಲ ಕಳಿಸಿ ತರಿಸಿಕೊಂಡೆ, ಮತ್ತದೇ ಹಾಡು ಎಂದರು.

ಮುದುಕಿ ಹಳದಿ ಪಟ್ಟಿಯನ್ನು ಹತ್ತಿರದಿಂದ ನೋಡಿದಳು. “ಸಂತ್ಯಾಗ ಎತ್ತ ಕೊಂಡ ತಂದ್ರ ಸೀದಾ ಗ್ವಾದ್ಲಿಗೆ ಒಯ್ದ ಕಟ್ಟತಾರೇನ್ರಿ? ಬಾಗಲ್ದಾಗ ನಿಲ್ಲಸ್ತಾರ. ಮನಿ ಹೆಣಮಗಳು ಬಂದು, ಕಾಲಿಗೆ ನೀರ ಹಾಕಿ, ರೊಟ್ಟಿ ನಿವಾಳಿಸಿ ಒಗದು, ಕುಂಕುಮ ಹಚ್ಚಿ ಒಳಗ ಬಾ ಅಂದಮ್ಯಾಲ ಅದು ಮನಿ ಎತ್ತು. ಇದಕ್ಕ ಯಾರ್ ಒಳಗ ಬಾ ಅಂದಾರು? ನೀವು ಪ್ರತೀ ಸಲ ಹೊರಗ ಹೊಡಕೊಂಡ ಹೋಗಿ ಮತ್ತ ಬಾಗಲ್ದಾಗ ತಂದ ನಿಲ್ಲಸಾಕತ್ತೀರಿ. ಅದರ ಕಾಲಿಗೆ ಊರ ಧೂಳ ಹತ್ತಿದ್ದ ಹತ್ತಿದ್ದು.”

ಮೂವತ್ತೆರಡು ವರ್ಷ ಪಾಠ ಹೇಳಿದವರಿಗೆ ಪಾಠ ಅರ್ಥವಾದಾಗ ಗೊತ್ತಾಗುತ್ತದೆ. ಅಷ್ಟರಲ್ಲಿ ರೇಣುವಿನ ಫೋನು ಬಂತು. ಅಕ್ಕಿಕಾಳು ಬಿದ್ದು, ಊಟದ ಪಂಕ್ತಿಯಲ್ಲಿ ಕೂತಿದ್ದಳು.

“ರೇಣು, ಕಳಸೂದು ತರಸೂದು ಬ್ಯಾಡವಾ. ಇದ್ದಲ್ಲೇ ಒಳಗ ಬಾ ಅನ್ನೂದು ಎಲ್ಲೈತಿ, ಅದನ್ನ ಹೇಳು.”

“ಐತ್ರಿ ಸರ್! ಫೈಲ್ ಮುಚ್ಚರಿ. ಅದರ ಮ್ಯಾಲ ಬಲಗಡೆ ಗುಂಡಿ ಒತ್ತರಿ. ಕಡೀಕ ಪ್ರಾಪರ್ಟೀಸ್ ಅಂತ ಐತಿ ನೋಡ್ರಿ. ಅದರಾಗ ಎಲ್ಲಾಕಿಂತ ತಳಗ, ಬ್ಯಾರೆ ಕಂಪ್ಯೂಟರಿಂದ ಬಂದೈತಿ ಅಂತ ಬರದಿರತಾರ, ಮಗ್ಗಲಕ ಅನ್‌ಬ್ಲಾಕ್ ಅಂತ ಸಣ್ಣ ಚೌಕ ಐತಿ. ಅದಕ್ಕ ಟಿಕ್ ಹಾಕ್ರಿ.”

ಇತ್ತು! ಮೂರು ತಾಸು ಊರೆಲ್ಲ ಹುಡುಕಿದ ವಸ್ತು ಕಂಕುಳಲ್ಲಿದ್ದಂತೆ ಅಲ್ಲೇ ಕೆಳಗೆ ಇತ್ತು. ಮಾಸ್ತರರು ಟಿಕ್ ಹಾಕಿದರು. ಆಗ ಪರದೆ ಮಬ್ಬಾಗಿ ಒಂದು ಪೆಟ್ಟಿಗೆ ಮೂಡಿತು: ಒಪ್ಪಿಗೆ ಕೊಡಲು ಈ ಕಂಪ್ಯೂಟರಿನ ಯಜಮಾನರು ಪಾಸ್‌ವರ್ಡ್ ಹಾಕಬೇಕು. ಯಜಮಾನರ ಹೆಸರು ಅಲ್ಲಿಯೇ ಬರೆದಿತ್ತು. ನಾಗರತ್ನಾ.

ಮಾಸ್ತರರು ಎರಡು ಸಲ ಓದಿದರು. ಆ ಲ್ಯಾಪ್‌ಟಾಪಿಗೆ ಹೊದಿಕೆ ಹೊಲಿಸಿದವರು ಅವರು, ದಿನಾ ಒರೆಸುವವರು ಅವರು. ರಾಜೇಶ್ವರಿ ಮಾತ್ರ ಬೀಗದಕೈಯನ್ನು ಅವ್ವನ ಸೊಂಟಕ್ಕೆ ಸಿಕ್ಕಿಸಿ ಹೋಗಿದ್ದಳು.

“ಮನಿ ಹೆಣಮಗಳು ಬರಬೇಕಂತ್ರಿ ಅತ್ತಿ,” ಎಂದರು.

“ಮತ್ತ? ನಾ ಏನ್ ಅಂದೆ?” ಎಂದಳು ಗುರವ್ವ.

ಮನೆಯ ಹೆಣ್ಣುಮಗಳು ಬೆಳಿಗ್ಗೆಯೇ ಕಡ್ಲಿಸೊಪ್ಪು ಚಿವುಟಲು ಹಳ್ಳದ ಆಚೆಯ ಹೊಲಕ್ಕೆ ಹೋಗಿದ್ದಳು. ಫೋನು ಮಾಡಿದರೆ ಅಡಿಗೆಮನೆಯ ಹಿಟ್ಟಿನ ಡಬ್ಬಿಯ ಮೇಲೆ ರಿಂಗಾಯಿತು. ಮಾಸ್ತರರು ಉಣ್ಣದೆಯೇ ಲ್ಯಾಪ್‌ಟಾಪನ್ನು ಸಂತೆ ಚೀಲದಲ್ಲಿ ಹಾಕಿ, ಸ್ಕೂಟರಿನ ಮುಂದೆ ಕೂಸಿನಂತೆ ಇಟ್ಟುಕೊಂಡು ಹೊರಟರು. ಹಳ್ಳದ ದಂಡೆಯಲ್ಲಿ ಸ್ಕೂಟರು ನಿಲ್ಲಿಸಿ, ಚೀಲವನ್ನು ತಲೆಯ ಮೇಲೆ ಹೊತ್ತು ದಾಟಿದರು. ದಾರಿಯಲ್ಲಿ ಸಿಕ್ಕ ರಾಯಪ್ಪ, “ಏನ್ ಮಾಸ್ತರ, ಬುತ್ತಿ ಒಯ್ಯಾಕತ್ತೀರೇನು?” ಎಂದ. ಅದಕ್ಕೆ ಉತ್ತರ ಕೊಡುವಷ್ಟು ಹೊತ್ತಿರಲಿಲ್ಲ.

ಕಡಲೆ ಮೊಣಕಾಲೆತ್ತರ ಬಂದು ಹೂ ಹಿಡಿಯುವುದರಲ್ಲಿತ್ತು. ನಾಗರತ್ನಾ ಉಡಿ ತುಂಬ ಸೊಪ್ಪು ಚಿವುಟಿಕೊಂಡು ಬದುವಿನ ಮೇಲೆ ನಿಂತಿದ್ದಳು. ಗಂಡ ಲ್ಯಾಪ್‌ಟಾಪ್ ಹೊತ್ತು ಹೊಲಕ್ಕೆ ಬಂದದ್ದು ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ.

“ನಗಬ್ಯಾಡ ನೀನು. ಪಾಸ್‌ವರ್ಡ್ ಹಾಕು ಮೊದಲ. ಎರಡೂವರಿ ಆತು.”

“ಹೆಂಗ್ ಹಾಕ್ಲಿ? ಕೈ ತುಂಬ ಕಡ್ಲಿ ಹುಳಿ ಹತ್ತೇತಿ. ನಿಮ್ಮ ಗುಂಡಿ ಎಲ್ಲಾ ಕೆಟ್ಟ ಹೋದಾವು,” ಎಂದು ಅವಳು ಎರಡೂ ಅಂಗೈ ತೋರಿಸಿದಳು. ಕಡಲೆ ಎಲೆಯ ಹುಳಿ ಬೆರಳ ಸಂದಿಯಲ್ಲಿ ಅಂಟಂಟಾಗಿ ಹೊಳೆಯುತ್ತಿತ್ತು. “ರಾಜಿ ಯಾರಿಗೂ ಹೇಳಬ್ಯಾಡ ಅಂದಾಳ, ನಿಮಗಂತೂ ಹೇಳಲೇಬ್ಯಾಡ ಅಂದಾಳ. ಇರ್ಲಿ, ನೀವ ಹೊಡೀರಿ. ಇಂಗ್ಲೀಷ್ ಅಕ್ಷರದಾಗ, ನಡುವ ಜಾಗಾ ಬಿಡಬ್ಯಾಡ್ರಿ.”

“ಹೇಳು.”

“ಗುರವ್ವನ ಅರಿಷಿಣ ಹೊಲ. ಕಡೀಕ ಒಂದ್ ನಾಕು.”

ಮಾಸ್ತರರ ಬೆರಳು ಗುಂಡಿಯ ಮೇಲೆ ಹಾಗೆಯೇ ನಿಂತಿತು.

“ನಾಕು ಯಾಕಂದ್ರ ಅಂಕಿ ಬೇಕಂತ. ಹೊಲಕ್ಕ ನಾಕು ಮೂಲಿ, ಅದಕ್ಕ ನಾಕು,” ಎಂದು ನಾಗರತ್ನಾ ಸೊಪ್ಪನ್ನು ಉಡಿಯಲ್ಲಿ ಒತ್ತುತ್ತ ಹೇಳಿದಳು. “ರಾಜಿ ಅಂದ್ಲು, ಅವ್ವಾ, ನಿನಗ ಎಂದೂ ಮರೀಬಾರದು, ಬ್ಯಾರೆ ಯಾರಿಗೂ ಗೊತ್ತ ಇರಬಾರದು, ಅಂಥಾ ಹೆಸರ ಇಡು ಅಂತ. ಈ ಹೆಸರು ಈಗ ಯಾರಿಗೂ ಗೊತ್ತಿಲ್ಲಲ್ರಿ.”

ಅವಳು ಚುಚ್ಚಿ ಹೇಳಿದ್ದಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು, ಅದಕ್ಕೇ ಅದು ಮಾಸ್ತರರ ಎದೆಗೆ ಹೋಗಿ ನಾಟಿತು. ನಾಲ್ಕು ವರ್ಷ ಊರೆಲ್ಲ ಹುಡುಕಿದ ಮಾತು ದಿನಾ ತಟ್ಟೆಗೆ ರೊಟ್ಟಿ ಹಾಕುವವಳ ಬಾಯಲ್ಲಿತ್ತು, ಅವರು ಒಂದು ದಿನವೂ ಅವಳನ್ನು ಕೇಳಿರಲಿಲ್ಲ. ಕಣ್ಣು ಮಂಜಾಯಿತು. ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಂಡರು.

“ನಿನ್ನೆ ಓದೂ ಮುಂದ ನೀನರ ಯಾಕ ಹೇಳಲಿಲ್ಲ?”

“ನಿಮ್ಮ ಪುಸ್ತಕ. ಅಷ್ಟ ಹಿಗ್ಗಲೇ ಬಾಗಲ್ದಾಗ ನಿಂತಿದ್ರಿ. ಹೆಂಗ್ ಹೇಳ್ಲಿ?”

“ತಪ್ಪಾತು ನಾಗರತ್ನಾ,” ಎಂದರು ಮಾಸ್ತರರು. “ಅದನ್ನ ತಿದ್ದಾಕನ ಬೆಳಗಿಂದ ಬಡದಾಡಾಕತ್ತೇನಿ.”

ನಾಗರತ್ನಾ ತಟ್ಟನೆ ಅವರ ಮುಖ ನೋಡಿದಳು. ಹುಳಿ ಹತ್ತಿದ ಕೈಯನ್ನು ಎತ್ತಿ ಹಿಡಿದುಕೊಂಡೇ ಬದುವಿನ ಮೇಲೆ ಅವರ ಪಕ್ಕದಲ್ಲಿ ಕೂತಳು. ಸೆರಗನ್ನು ಮೊಣಕೈಯಿಂದ ಎಳೆದು ಪರದೆಗೆ ನೆರಳು ಮಾಡಿದಳು. “ಹೊಡೀರಿ ಮತ್ತ,” ಎಂದಳು.

ಹೊಡೆದರು. ಪೆಟ್ಟಿಗೆ ಮಾಯವಾಯಿತು. ಫೈಲು ತೆರೆದರೆ ಹಳದಿ ಪಟ್ಟಿ ಇರಲಿಲ್ಲ. ಮಾಸ್ತರರು ಇನ್ನೂರಾ ಇಪ್ಪತ್ತೊಂಬತ್ತನ್ನು ಅಳಿಸಿ, ಮೇಲೆ ‘ಗ’ ಅಕ್ಷರದ ಸಾಲಿಗೆ ಬಂದು ಅರವತ್ತೊಂದನೆಯ ಜಾಗದಲ್ಲಿ ಹೊಸದಾಗಿ ಬರೆದರು. ನಡುವಿನ ನಂಬರುಗಳನ್ನು ಸರಿಸುವ ಬಗೆಯನ್ನು ರೇಣು ಮದುವೆ ಮನೆಯ ಹೋಳಿಗೆ ಅಗಿಯುತ್ತಲೇ ಫೋನಿನಲ್ಲಿ ಹೇಳಿದಳು. ಒಂದು ಹೋಗಿ ಒಂದು ಬಂದದ್ದರಿಂದ ಒಟ್ಟು ಲೆಕ್ಕ ಮುನ್ನೂರಾ ಹನ್ನೆರಡೇ ಉಳಿಯಿತು. ಬ್ಯಾಟರಿ ಹದಿನೊಂದಕ್ಕೆ ಬಂದಿತ್ತು. ಮಾಸ್ತರರ ಫೋನಿನಿಂದ ನೆಟ್ ಹಿಡಿಸಿ ಬೈಲಹೊಂಗಲಕ್ಕೆ ಕಳಿಸಿದಾಗ ಗಂಟೆ ಮೂರೂ ನಲವತ್ತೆಂಟು.

ಐದು ನಿಮಿಷಕ್ಕೆ ಬಾಳೇಶ ಫೋನು ಮಾಡಿದ. “ಬಂತ್ರಿ ಮಾಸ್ತರ. ಆದ್ರ ಇದು ಹೊರಗಿಂದ ಬಂದೈತಿ, ಮುಟ್ಟಬ್ಯಾಡ ಅಂತ ಹಳದಿ ಪಟ್ಟಿ ತೋರಸಾಕತ್ತೈತಿ...”

“ಮನಿಯವ್ರನ್ನ ಕೇಳೋ!” ಎಂದು ಮಾಸ್ತರರು ಜೋರಾಗಿ ನಕ್ಕರು. ಬಾಳೇಶನ ಯಂತ್ರಕ್ಕೆ ಅಂಥ ಕಟ್ಟುನಿಟ್ಟಿರಲಿಲ್ಲ. ಒಂದು ಗುಂಡಿ ಒತ್ತಿದ್ದಕ್ಕೇ ಒಳಗೆ ಬಿಟ್ಟುಕೊಂಡಿತು.

ತಿರುಗಿ ಬರುವಾಗ ಲ್ಯಾಪ್‌ಟಾಪಿನ ಚೀಲ ಮಾಸ್ತರರ ತಲೆಯ ಮೇಲೆ, ಸೊಪ್ಪಿನ ಗಂಟು ನಾಗರತ್ನಾಳ ಕಂಕುಳಲ್ಲಿ. ಹಳ್ಳದ ನೀರಿನಲ್ಲಿ ಕೈ ತೊಳೆಯುತ್ತ ಅವಳಂದಳು: “ಇನ್ನ ಪುಸ್ತಕದಾಗ ಬಂದ್ರ ಊರಿಗೆಲ್ಲಾ ಗೊತ್ತಾತು. ಪಾಸ್‌ವರ್ಡ್ ಬದಲಿ ಮಾಡಬೇಕಾತು ನೋಡ್ರಿ.”

“ಮಾಡು. ನನಗ ಹೇಳಬ್ಯಾಡ,” ಎಂದರು ಮಾಸ್ತರರು.

ಸಂಜೆ ದೀಪ ಹಚ್ಚಿ, ಕಡ್ಲಿಸೊಪ್ಪಿನ ಪಲ್ಯ ಉಂಡಾದ ಮೇಲೆ ಮಾಸ್ತರರೇ ಕರಡು ಪ್ರತಿ ಹಿಡಿದು ಅತ್ತೆಯ ಮುಂದೆ ಕೂತರು. ತಿದ್ದಿದ ಪುಟವನ್ನು ಕೈಯಿಂದ ಬರೆದು ನಡುವೆ ಸೇರಿಸಿದ್ದರು. “ನಿನ್ನೆ ಉಳದದ್ದು ಆಮ್ಯಾಲ ಓದತೇನ್ರಿ ಅತ್ತಿ. ಮೊದಲ ಅರವತ್ತೊಂದನೇದು ಒಂದ ಕೇಳ್ರಿ,” ಎಂದು ಗಂಟಲು ಸರಿಮಾಡಿಕೊಂಡು ಓದಿದರು:

“ಗುರವ್ವನ ಅರಿಷಿಣ ಹೊಲ. ಹಳ್ಳದ ಆಚೆ, ಕರಿ ಎರೆ, ಎರಡು ಎಕರೆ ಹತ್ತು ಗುಂಟೆ. ತವರಿನವರು ಮಗಳು ಗುರವ್ವನಿಗೆ ಅರಿಶಿನ ಕುಂಕುಮಕ್ಕೆಂದು ಕೊಟ್ಟದ್ದು. ಗುರವ್ವ ತನ್ನ ಮಗಳು ನಾಗರತ್ನಾಳಿಗೆ ಕೊಟ್ಟದ್ದು. ನಡುವೆ ಕೆಲವು ವರ್ಷ ಇದನ್ನು ತಪ್ಪಾಗಿ ಮಾಸ್ತರ ಹೊಲ ಎಂದು ಕರೆಯಲಾಯಿತು.”

ಗುರವ್ವ ಒಣಗಿದ ಬೆರಳಿನಿಂದ ಆ ಪುಟವನ್ನು ಮುಟ್ಟಿದಳು.

“ಇದರಾಗ ನನ್ನ ಹೆಸರ ಎಲ್ಲೈತ್ರಿ?”

ಮಾಸ್ತರರು ತೋರಿಸಿದರು. ಮುದುಕಿ ಆ ಅಕ್ಷರಗಳ ಮೇಲೆ ಬೆರಳು ಇಟ್ಟುಕೊಂಡೇ ಗೋಡೆಗೆ ಒರಗಿ ಕೂತಳು.

“ಹೂಂ,” ಎಂದಳು. “ಓದ್ರಿ, ಮುಂದಿಂದೂ ಓದ್ರಿ. ಎಲ್ಲಾನೂ ಓದ್ರಿ.”